ಅಕ್ಕನ ಹಾಳೆಯಲ್ಲಿ ನಾನು ಬರೆದ ಸಾಲು

ಕೊರೊನಾ ಮುಗಿದ ಮರುವರ್ಷ ನಮ್ಮ ಇಗರ್ಜಿಯಲ್ಲಿ ಎಲ್ಲರ ಅಭಿಪ್ರಾಯ ಕೇಳಬೇಕೆಂದು ತೀರ್ಮಾನವಾಯಿತು. ಏನು ಕೊರತೆ, ಏನು ಬೇಕು ಎಂದು ಬರೆಯಲು ಒಬ್ಬೊಬ್ಬರಿಗೂ ಒಂದು ಹಾಳೆ. ಚರ್ಚಿಗೆ ಸೇರಿದ ತಲ್ಲೂರಿನ ನಮ್ಮ ವಾರ್ಡಿನ ಇಪ್ಪತ್ತು ಮನೆಗಳಿಗೆ ಗುರ್ಕಾರ, ಅಂದರೆ ಮುಖ್ಯಸ್ಥ, ನಾನು. ಓದಿದ್ದು ಐದನೇ ಕ್ಲಾಸು. ಆದರೂ ಮನೆಮನೆಗೆ ಹೋಗಿ, ಬರೆಯಲು ಬಾರದವರ ಮಾತನ್ನು ನಾನೇ ಬರೆದುಕೊಂಡೆ.

ಕೊನೆಗೆ ನಮ್ಮ ಮನೆ. ಅಕ್ಕ ಸಿಸಿಲಿಯಾಗೆ ಪಾರ್ಶ್ವವಾಯು ಬಡಿದು, ಬಲಗೈ ಸ್ವಾಧೀನ ತಪ್ಪಿ ಆರು ವರ್ಷವಾಗಿತ್ತು. ಮಾತು ತೊದಲುತ್ತದೆ, ಜೊಲ್ಲು ಇಳಿಯುತ್ತದೆ. ಮನೆಮಾತು ಕೊಂಕಣಿಯಾದರೂ ಗೇರುಬೀಜದ ಕಾರ್ಖಾನೆಯಲ್ಲಿ ದುಡಿದ ಅವಳಿಗೆ ಕುಂದಾಪ್ರ ಕನ್ನಡವೇ ಸಲೀಸು.

“ತಮ್ಮಾ, ವಾರ್ಡಿನ ಜಪ ನಮ್ಮನಿಗೂ ಒಂದ್ ಸಲ ಬರ್ಲಿ ಅಂದ್ ಬರಿ,” ಎಂದಳು.

ನನ್ನ ಕೈ ನಿಂತಿತು. ತಿಂಗಳಿಗೊಂದು ಮನೆಯಂತೆ ಜಪಮಾಲೆ ಪ್ರಾರ್ಥನೆಯ ಸರದಿ ಹಾಕುವವನು ನಾನೇ. ಅವಳು ಮಲಗಿದಂದಿನಿಂದ ನಮ್ಮ ಮನೆಯನ್ನು ಬಿಡುತ್ತಾ ಬಂದವನೂ ನಾನೇ. ಅಕ್ಕನಿಗೆ ಗದ್ದಲ ಆಗುವುದಿಲ್ಲ ಎಂದು ಜನರಿಗೆ ಹೇಳುತ್ತಿದ್ದೆ. ನಿಜವೆಂದರೆ ನನಗೇ ನಾಚಿಕೆ. ಆ ಜೊಲ್ಲು, ಆ ಮೂತ್ರದ ವಾಸನೆ ನಾಲ್ಕು ಜನರೆದುರು ಬೇಡವಾಗಿತ್ತು. ‘ಹೇಳಲು ಏನೂ ಇಲ್ಲ’ ಎಂದು ಬರೆದು ಅವಳ ಎಡಗೈಗೆ ಪೆನ್ನು ಕೊಟ್ಟೆ. ಹೆಸರು ಬರೆಯಲಷ್ಟೇ ಕಲಿತಿದ್ದ ಅಕ್ಕ ನಂಬಿ ಸಹಿ ಹಾಕಿದಳು.

ಹಾಳೆಗಳನ್ನು ಒಪ್ಪಿಸುವ ಸಭೆಯ ದಿನ ಫಾದರ್, “ನಮ್ಮ ಗುರ್ಕಾರರು ಹಾಸಿಗೆ ಹಿಡಿದ ಅಕ್ಕನನ್ನೂ ಬಿಡದೆ ಕೇಳಿದ್ದಾರೆ,” ಎಂದರು. ಚಪ್ಪಾಳೆ ಬಿತ್ತು. ನಾನು ತಲೆ ಎತ್ತಲಿಲ್ಲ.

ಮನೆಗೆ ಬಂದರೆ ಅಕ್ಕ ಬಾಗಿಲನ್ನೇ ನೋಡುತ್ತಿದ್ದಳು. “ನನ್ ಮಾತ್ ಓದಿದ್ರಾ? ಎಂತ ಅಂದ್ರ್?”

ಮತ್ತೊಂದು ಸುಳ್ಳು ಬಾಯಿಗೆ ಬರಲಿಲ್ಲ. ಮಂಚದ ಬದಿಗೆ ಕುಳಿತು ಎಲ್ಲವನ್ನೂ ಹೇಳಿದೆ. ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. “ನೀ ಸಣ್ಣದಿಪ್ಪತಿಗೆ ನಿನ್ ಸಿಂಬ್ಳ ಒರ್ಸುಕೆ ನಂಗ್ ನಾಚ್ಕಿ ಆಯ್ಲಿಲ್ಲ ಮಾರಾಯ,” ಎಂದಳು. ಮತ್ತೆ, “ಹೋಯ್ಲಿ. ಬಪ್ಪ ತಿಂಗ್ಳ್ ಎಲ್ಲರನ್ನೂ ಕರಿ. ಚಾಪುಡಿ ಇತ್ತಾ ಕಾಣ್.”

ಮರುತಿಂಗಳು ಮನೆ ತುಂಬ ಜನ. ಅಕ್ಕ ಒಂದು ‘ನಮೋ ಮರಿಯಾ’ ಪ್ರಾರ್ಥನೆ ಹೇಳಿ ಮುಗಿಸುವವರೆಗೆ ಎಲ್ಲರೂ ಕಾದರು. ಪಕ್ಕದ ಮನೆಯ ಹೆಂಗಸು ತನ್ನ ಸೆರಗಿನಿಂದಲೇ ಅವಳ ಬಾಯಿ ಒರೆಸಿದಳು. ಯಾರೂ ಮೂಗು ಮುಚ್ಚಿಕೊಳ್ಳಲಿಲ್ಲ.

ಹಾಳೆ ಬದಲಿಸಿ ಕೊಡುತ್ತೇನೆಂದು ಫಾದರ್ ಬಳಿ ಹೋಗಿದ್ದೆ. ಎಲ್ಲ ಹಾಳೆಗಳೂ ಬಿಷಪರ ಕಚೇರಿಗೆ ಹೋಗಿಯಾಗಿತ್ತು. ಈಗ ಸರದಿಯಲ್ಲಿ ನಮ್ಮ ಮನೆಯೂ ಇದೆ. ಆದರೆ ಅಲ್ಲೆಲ್ಲೋ ಒಂದು ಕಡತದಲ್ಲಿ ‘ಹೇಳಲು ಏನೂ ಇಲ್ಲ’ ಎಂಬ ನನ್ನ ಅಕ್ಷರ, ಅದರ ಕೆಳಗೆ ಎಡಗೈಯಲ್ಲಿ ಸೊಟ್ಟಸೊಟ್ಟಾಗಿ ಬರೆದ ಅಕ್ಕನ ಹೆಸರು ಇನ್ನೂ ಹಾಗೆಯೇ ಇದೆ.