ಕ್ಷೌರದ ಕುರ್ಚಿಗೆ ಸುಂಕ ಮಾಫಿ

ಚೌಡಾಪುರದ ಹಡಪದ ಖಂಡಪ್ಪ ಹುಡುಗನಾಗಿದ್ದಾಗಿನಿಂದಲೂ ಊರವರ ಅಂಗಳಗಳಿಗೆ ಹೋಗಿ ಕ್ಷೌರ ಮಾಡಿದವನು. ಕುಕ್ಕರಗಾಲಲ್ಲಿ ಕೂತೂ ಕೂತೂ ಅವನ ಮೊಣಕಾಲುಗಳು ಎದ್ದಾಗಲೊಮ್ಮೆ ಕಟಕಟ ಎನ್ನುತ್ತಿದ್ದವು. ಸುಗ್ಗಿಗೆ ಮನೆಮನೆಯಿಂದ ವರ್ಷದ ಕೂಲಿಯೆಂದು ಆಯದ ಜೋಳ ಬರುತ್ತಿತ್ತು, ಹೊಟ್ಟೆಗೆ ಕೊರತೆ ಇರಲಿಲ್ಲ. ಆದರೆ ೧೯೪೭ರ ಬೇಸಿಗೆಯಲ್ಲಿ ಸೊಲ್ಲಾಪುರದ ಅಳಿಯನ ಮನೆಗೆ ಹೋಗಿ ಬಂದವನ ತಲೆಯೊಳಗೆ, ಅಲ್ಲಿಯ ಕ್ಷೌರದಂಗಡಿಯಲ್ಲಿ ಕಂಡ ಒಂದು ಕುರ್ಚಿ ಹೊಕ್ಕು ಕೂತುಬಿಟ್ಟಿತು. ಕಬ್ಬಿಣದ ಕಾಲು, ಕೆಂಪು ತೊಗಲಿನ ಮೆತ್ತೆ. ತಳ್ಳಿದರೆ ಗಿರ್ರನೆ ತಿರುಗುತ್ತಿತ್ತು, ಹಿಡಿ ಎಳೆದರೆ ಬೆನ್ನು ಹಿಂದಕ್ಕೆ ಮಲಗುತ್ತಿತ್ತು.

"ಇನ್ನ ಮಂದಿ ನನ್ನ ಕಡಿ ಬರಬೇಕು. ಅಫಜಲಪುರ ಬಜಾರದಾಗ ಅಂಗಡಿ ಹಾಕ್ತೇನಿ," ಎಂದು ಹೆಂಡತಿಗೆ ಹೇಳಿದ.

ನಿಂಬೆವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಗಡ್ಡ ಬೋಳಿಸಾಕ ಸಿಂಹಾಸನ ಯಾಕ ಬೇಕ್ರಿ? ನೆಲದ ಮ್ಯಾಲ ಕೂತ್ರ ಕೂದ್ಲ ಬೀಳೂದಿಲ್ಲೇನು?"

ಅಂದಳೇ ಹೊರತು ಮುಂದಿನ ಸಂತೆಗೆ ಮನೆಯ ಎಮ್ಮೆಯನ್ನು ತಾನೇ ಹೊಡೆದುಕೊಂಡು ಹೋಗಿ ಮಾರಿ ಬಂದಳು.

ಸೊಲ್ಲಾಪುರ ಇಂಗ್ಲಿಷರದು, ಅಫಜಲಪುರ ನಿಜಾಮರದು. ಆಚೆಯಿಂದ ಈಚೆಗೆ ಬರುವ ಸಾಮಾನಿಗೆಲ್ಲ ಗಡಿಯ ನಾಕಾದಲ್ಲಿ ಸುಂಕ. ಎಮ್ಮೆಯ ದುಡ್ಡಿಗೆ ಕೊಂಡು ರೈಲಿನಲ್ಲಿ ದುಧನಿ ಸ್ಟೇಶನ್ನಿಗೆ ತಂದ ಕುರ್ಚಿಯನ್ನು ಬಂಡಿಗೆ ಏರಿಸುವಾಗ ಬಂಡಿಯ ಹುಸೇನಸಾಬ ಧೈರ್ಯ ತುಂಬಿದ. "ಹೆದರಬ್ಯಾಡ ಖಂಡಪ್ಪಣ್ಣ. ಕಸುಬಿನ ಹತ್ಯಾರಕ್ಕ ಮಾಫಿ ಅದ. ಬಡಿಗ್ಯಾ ಕರಗಸ ತಂದ್ರ ಬಿಡ್ತಾರ. ನಿನಗ ಕುರ್ಚೀನೇ ಕರಗಸ."

ನಾಕಾದ ಅಮೀನ ಗೌಸಮೊಹಿದ್ದೀನ ಕಾಯಿದೆ ಬಿಟ್ಟು ಒಂದು ಹೆಜ್ಜೆ ಇಡುವವನಲ್ಲ. ಅವನ ಮೀಸೆಯೂ ಕಾಯಿದೆಯಷ್ಟೇ ನೆಟ್ಟಗೆ. ಬೆಳಗ್ಗೆ ಅದಕ್ಕೆ ಎಣ್ಣೆ ಹಚ್ಚಿ ತೀಡಿದ ಮೇಲೆಯೇ ನಾಕಾದ ಅಡ್ಡ ಗಳು ಮೇಲೇಳುತ್ತಿತ್ತು. ಅವನು ಕುರ್ಚಿಯ ಸುತ್ತ ಒಂದು ಸುತ್ತು ಬಂದ.

"ಹತ್ಯಾರ ಅಂತೀ. ಇಷ್ಟು ದಿನ ಎದರ ಮ್ಯಾಲ ಕೂಡಿಸಿ ಕ್ಷೌರ ಮಾಡ್ದಿ?"

"ನೆಲದ ಮ್ಯಾಲ್ರಿ ಸಾಹೇಬ್ರ."

"ಅಂದ್ರ ಕುರ್ಚಿ ಇಲ್ಲದ ಕಸುಬು ನಡೀತದ. ಇದು ಷೋಕಿ ಸಾಮಾನು. ಸುಂಕ ಕೊಡು."

"ಅಂಗಡಿ ಹಾಕಾಕತ್ತೇನ್ರಿ. ಅಂಗಡಿಗೆ ಬೇಕಲ್ರಿ."

"ಅಂಗಡಿ ಎಲ್ಲದ?"

"ಕುರ್ಚಿ ಹೋದ ಮ್ಯಾಲ ಆಗ್ತದ್ರಿ."

"ಅಂಗಡಿ ತೋರ್ಸು, ಕುರ್ಚಿ ಬಿಡ್ತೇನಿ."

"ಕುರ್ಚಿ ಬಿಡ್ರಿ ಸಾಹೇಬ್ರ, ಅಂಗಡಿ ತೋರಸ್ತೇನಿ."

ಮಾತು ಗಾಣದೆತ್ತಿನಂತೆ ಅಲ್ಲೇ ಸುತ್ತಿತು. ಸುಂಕವೋ, ಇನ್ನೊಂದು ಎಮ್ಮೆ ಕೇಳುವಷ್ಟು. ಕುರ್ಚಿ ನಾಕಾದ ಚಪ್ಪರದ ಕೆಳಗೆ ಉಳಿಯಿತು.

ಖಂಡಪ್ಪ ಅಫಜಲಪುರಕ್ಕೆ ಹೋಗಿ ಬಜಾರದಲ್ಲಿ ಒಂದು ಕೋಣೆ ಹಿಡಿದ, ಗೋಡೆಗೆ ಕನ್ನಡಿ ಬಡಿದ, ಅಂಗಡಿ ಇದೆ ಎಂದು ಪಟೇಲರ ಕೈಯಿಂದ ಬರೆಸಿಕೊಂಡು ತಿರುಗಿ ಬಂದ. ಬಂದು ನೋಡಿದರೆ ಅಮೀನ ಕೆಂಪು ಮೆತ್ತೆಯ ಮೇಲೆ ಕೂತು ಅರ್ಜಿ ಕೇಳುತ್ತಿದ್ದ! ಎಡಕ್ಕೆ ನಿಂತವರ ಕಡೆ ಒಮ್ಮೆ, ಬಲಕ್ಕೆ ನಿಂತವರ ಕಡೆ ಒಮ್ಮೆ ಗಿರಕ್ಕನೆ ತಿರುಗುತ್ತಿದ್ದ. ಬಂಡಿಯವರು ಇವನಿಗೆ ಬಡ್ತಿಯಾಗಿದೆಯೆಂದು ಬಗ್ಗಿ ಸಲಾಮು ಹೊಡೆಯುತ್ತಿದ್ದರು.

"ನಾಳೆ ಬಾ. ವಿಚಾರ ನಡದದ," ಎಂದ ಅಮೀನ.

ನಾಳೆಗೆ ಹೋದರೆ ಮತ್ತೆ ನಾಳೆ. ಖಂಡಪ್ಪನಿಗೆ ತಿಳಿಯಿತು, ಈಗ ಅಡ್ಡ ಬಂದಿರುವುದು ಕಾಯಿದೆಯಲ್ಲ, ಮೆತ್ತೆ. ಆದರೂ ಹಡಪದ ಪೆಟ್ಟಿಗೆ ಬಗಲಿಗಿಟ್ಟುಕೊಂಡು ನಾಕಾದ ಬೇವಿನ ಕೆಳಗೆ ದಿನವೂ ಕೂತ.

ಒಂದು ಮಧ್ಯಾಹ್ನ ಅಮೀನ ಹಿಡಿ ಎಳೆದು, ಕುರ್ಚಿ ಮಲಗಿಸಿ, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಆಗಲೇ ಧೂಳೆಬ್ಬಿಸಿಕೊಂಡು ಒಂದು ಮೋಟಾರು ಬಂದು ನಿಂತಿತು. ಇಳಿದವರು ಗುಲಬರ್ಗಾದ ಸುಂಕದ ಕಚೇರಿಯ ದೊಡ್ಡ ಸಾಹೇಬರು. ಅಮೀನ ಕಣ್ಣು ಬಿಟ್ಟ. ಏಳಲು ನೋಡಿದ, ಹಿಡಿ ಸಿಗಲಿಲ್ಲ, ಕುರ್ಚಿ ಏಳಗೊಡಲಿಲ್ಲ.

"ಏನಿದು?" ಎಂದು ಸಾಹೇಬರು ಗುಡುಗಿದರು.

"ಹುಜೂರ್, ಕ್ಷೌರ! ಇಂವ ಹಜಾಮ, ಇದು ಅವನ ಕುರ್ಚಿ!" ಎಂದು ಮಲಗಿದಲ್ಲಿಂದಲೇ ಅಮೀನ ಕೂಗಿದ.

ಇಷ್ಟು ದಿನ ಖಂಡಪ್ಪ ಕೇಳಬೇಕೆಂದಿದ್ದ ಮಾತು ಅದೇ. ಓಡಿ ಬಂದು ಅಮೀನನ ಮುಖಕ್ಕೆ ನೊರೆ ಹಚ್ಚಿದ. ಸಾಹೇಬರು ಕೈ ಕಟ್ಟಿ ಪಕ್ಕದಲ್ಲೇ ನಿಂತರು. ಈಗ ತೊಂದರೆ ಬಂತು. ಅಮೀನ ಬೆಳಗ್ಗೆಯೇ ನುಣ್ಣಗೆ ಕ್ಷೌರ ಮಾಡಿಕೊಂಡಿದ್ದ. ಖಂಡಪ್ಪ ಬಲಗೆನ್ನೆ ಎಳೆದ, ಎಡಗೆನ್ನೆ ಎಳೆದ. ಕತ್ತಿಗೆ ಬರೀ ನೊರೆ ಬಂತು.

"ಕೂದಲೇ ಇಲ್ಲಲ್ಲ?" ಎಂದರು ಸಾಹೇಬರು.

ಆ ಮುಖದಲ್ಲಿ ತೆಗೆಯುವುದೆಂದು ಉಳಿದಿದ್ದು ಒಂದೇ. ಖಂಡಪ್ಪ ಅಮೀನನ ಕಣ್ಣು ನೋಡಿದ. ಅಮೀನ ಖಂಡಪ್ಪನ ಕಣ್ಣು ನೋಡಿದ, ಸಾಹೇಬರ ಬೂಟು ನೋಡಿದ, ಆಮೇಲೆ ಕಣ್ಣು ಗಟ್ಟಿ ಮುಚ್ಚಿಕೊಂಡ. ಅದನ್ನೇ ಒಪ್ಪಿಗೆ ಎಂದುಕೊಂಡು ಖಂಡಪ್ಪ ಮೀಸೆ ತೆಗೆದ.

"ಕೈ ಹಗುರ ಅದ," ಎಂದರು ಸಾಹೇಬರು. "ಹಜಾಮನ ಕುರ್ಚಿ ನಾಕಾದಾಗ ಯಾಕದ?"

"ಇದು ಹತ್ಯಾರೋ ಷೋಕಿ ಸಾಮಾನೋ ಅಂತ ಸುಂಕದ ವಿಚಾರ ನಡದಿತ್ತು ಹುಜೂರ್," ಎಂದ ಅಮೀನ, ಬರಿದಾದ ತುಟಿ ಮುಟ್ಟಿಕೊಳ್ಳುತ್ತ.

"ನೀನ ಹತ್ಯಾರ ಅಂತ ತೋರಿಸಿ ಆತಲ್ಲ. ಮಾಫಿ ಬರಿ."

ಹುಸೇನಸಾಬ ದಾರಿಯುದ್ದಕ್ಕೂ ನಕ್ಕು ನಕ್ಕು ಎತ್ತುಗಳನ್ನು ಹೊಡೆಯುವುದನ್ನೇ ಮರೆತ. ಖಂಡಪ್ಪ ಬಂಡಿಯಲ್ಲಿ ಕುರ್ಚಿಯ ಕಾಲು ತಬ್ಬಿಕೊಂಡು ಕೂತಿದ್ದ. ಅಮೀನನ ಮೀಸೆ ನೆನೆದರೆ ಪಾಪ ಅನಿಸುತ್ತಿತ್ತು, ನಗುವೂ ಬರುತ್ತಿತ್ತು.

ಅಂಗಡಿ ತೆರೆದಾಗ ಮೊದಮೊದಲು ಜನ ಕ್ಷೌರಕ್ಕಿಂತ ತಿರುಗುವುದಕ್ಕೇ ಬಂದರು. ಬಾಗಿಲಲ್ಲಿ ಕೂತ ನಿಂಬೆವ್ವ ಗಡ್ಡ ಇಲ್ಲದವರನ್ನು ಗದರಿಸಿ ಕಳಿಸುತ್ತಿದ್ದಳು. ಮರುವರ್ಷ ನಿಜಾಮರ ಆಳ್ವಿಕೆ ಹೋಗಿ ರಾಜ್ಯವೇ ಬದಲಾಯಿತು. ಆ ಗದ್ದಲದಲ್ಲಿ ಕೆಲವು ದಿನ ಬಾಗಿಲು ಹಾಕಿದ್ದು ಬಿಟ್ಟರೆ ಅಂಗಡಿ ನಿಲ್ಲಲಿಲ್ಲ.

ಚೌಡಾಪುರದ ದೊಡ್ಡ ಮನೆಯ ದೌಲತರಾಯರು ಮಾತ್ರ ಬಹಳ ದಿನ ಸಿಟ್ಟಾಗಿದ್ದರು. ತಮ್ಮ ಅಂಗಳಕ್ಕೆ ಬರುತ್ತಿದ್ದವನ ಅಂಗಡಿಗೆ ತಾವು ಹೋಗುವುದೇ? ಗಡ್ಡ ಎದೆಗಿಳಿದ ಮೇಲೆ, ಬೇರೇನೋ ಕೆಲಸವಿದೆ ಎಂದುಕೊಂಡು ಬಂದರು. ಕೂತರು, ಮಲಗಿದರು, ಹಾಗೇ ನಿದ್ದೆ ಹೋದರು. ಕ್ಷೌರ ಮುಗಿದರೂ ಖಂಡಪ್ಪ ಎಬ್ಬಿಸಲಿಲ್ಲ. ಹೊರಗೆ ಕಾಯುತ್ತಿದ್ದವರಿಗೆ, "ಸಾವಕಾಶ ಬರ್ರಿ, ರಾಯರು ಮಲಗ್ಯಾರ," ಎಂದು ಹೇಳಿ, ತಾನು ಮೆಟ್ಟಿಲ ಮೇಲೆ ಕಾಲು ಚಾಚಿ ಕೂತ.