ಮಳೆಯಲ್ಲಿ ನಡೆಯುವವನ ಟೋಪಿ

ಟೋಕಿಯೋದ ಅರಕಾವಾದಲ್ಲಿ ಬೆಳಗಿನ ಮೊದಲ ಟ್ರಾಮ್ ಗಂಟೆ ಬಾರಿಸಿಕೊಂಡು ಹೊರಡುವ ಹೊತ್ತಿಗೆ ಕಿನುಯೊ ಕುರಮೋಚಿ ಮರದ ಅಚ್ಚಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಾಗಿದೆ. ಅಚ್ಚಿಗೆ ಬೂದು ಬಣ್ಣ ಸವರುತ್ತಾರೆ. ಒದ್ದೆ ಕಾಗದದ ಮೂಲೆಯನ್ನು ಅಚ್ಚಿನ ಕಚ್ಚಿಗೆ ಕೂರಿಸಿ, ಬಿದಿರಿನ ಪೊರೆ ಸುತ್ತಿದ ಬಿಲ್ಲೆಯಿಂದ ಮೈಭಾರವೆಲ್ಲ ಬಿಟ್ಟು ಉಜ್ಜುತ್ತಾರೆ. ಹಾಳೆ ಎತ್ತಿದರೆ ಕಿಸೊ ಕಣಿವೆಯ ಹಳೇ ದಾರಿ, ಓರೆ ಮಳೆ, ಬೆನ್ನು ಬಗ್ಗಿಸಿ ಏರು ಹತ್ತುತ್ತಿರುವ ಒಬ್ಬ ದಾರಿಹೋಕ. ಎಲ್ಲ ಸರಿ, ಟೋಪಿ ಮಾತ್ರ ಸರಿಯಿಲ್ಲ! ಹುಲ್ಲಿನ ಟೋಪಿಯ ಹಳದಿ ಬಣ್ಣ ಗೆರೆ ದಾಟಿ, ತಲೆಯ ಪಕ್ಕದ ಮಳೆಯಲ್ಲಿ ನಿಂತಿದೆ.

"ಹಾಳಾದ್ ಭುಜ," ಎಂದು ಕಿನುಯೊ ತಮ್ಮ ಭುಜವನ್ನೇ ಬೈಯುತ್ತಾರೆ.

ಎಂಥ ಚಳಿಯಿದ್ದರೂ ಈ ಕೋಣೆಯಲ್ಲಿ ಒಲೆ ಹಚ್ಚುವಂತಿಲ್ಲ. ಒಣಗಿದ ಕಾಗದ ಕುಗ್ಗುತ್ತದೆ, ಕುಗ್ಗಿದರೆ ಬಣ್ಣ ಗೆರೆಯೊಳಗೆ ಕೂರುವುದಿಲ್ಲ. ನಿನ್ನೆ ಸಂಜೆ ಭುಜದ ನೋವು ತಡೆಯಲಾಗದೆ ಹಚ್ಚಿಬಿಟ್ಟರು. ದೀಪದ ಬೆಳಕಿನಲ್ಲಿ ಹಳದಿ ಜಾರಿದ್ದು ಕಾಣಲೇ ಇಲ್ಲ.

ಕಿನುಯೊಗೆ ಈಗ ಎಪ್ಪತ್ತೊಂದು. ಸೊಸೆಯಾಗಿ ಬಂದಾಗ ಇಲ್ಲಿ ಅವರ ಕೆಲಸ ಕಾಗದಕ್ಕೆ ನೀರು ಸವರುವುದಷ್ಟೇ. "ನಾನೂ ಅಚ್ಚು ಹೊಡೀತೀನಿ ಅಂದಾಗ, ಈ ಪೀಠಕ್ಕೆ ಗಂಡಸಿನ ಭಾರ ಬೇಕು ಅಂದ್ರು ಮಾವ. ಹಾಗಾದ್ರೆ ಅಕ್ಕಿ ಮೂಟೆ ಕೂರಿಸ್ಕೊಳಿ, ಅದಕ್ಕೂ ಭಾರ ಇದೆ ಅಂದೆ," ಎಂದು ನಗುತ್ತಾರೆ. ಮಾವ ಮೂರು ದಿನ ಮಾತು ಬಿಟ್ಟರಂತೆ. ನಾಲ್ಕನೇ ದಿನ ಜಾಗ ಬಿಟ್ಟರು. ಅಂದಿನಿಂದ ಪ್ರತಿ ಹಾಳೆಯೂ ಬಣ್ಣಕ್ಕೊಂದು ಅಚ್ಚಿನಂತೆ ಹಲವು ಸಲ, ಈ ಮಳೆಯ ಚಿತ್ರವಾದರೆ ಹನ್ನೊಂದು ಸಲ, ಇವರ ಕೈಯಡಿ ಹಾದೇ ಹೊರಗೆ ಹೋಗುತ್ತದೆ. ಅಂಚಿನಲ್ಲಿ ಕಲಾವಿದನ ಹೆಸರಿದೆ, ಪ್ರಕಾಶಕರ ಮುದ್ರೆಯಿದೆ. ಇವರದಿಲ್ಲ.

ಎಂಟು ಗಂಟೆಗೆ ಪ್ರಕಾಶನದ ಯುವ ಯಜಮಾನ ತೊದೊರೊಕಿ ಬರುತ್ತಾರೆ. ಚಿತ್ರಗಳು ಇವತ್ತೇ ಪ್ರದರ್ಶನಕ್ಕೆ ಹೋಗಬೇಕು. ಕಿನುಯೊ ಜಾರಿದ ಹಳದಿ ತೋರಿಸಿದಾಗ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾರೆ.

"ಕಿನುಯೊಸಾನ್, ಇಷ್ಟೇನಾ? ಯಾರಿಗೂ ಗೊತ್ತಾಗಲ್ಲ ಬಿಡಿ."

"ಅವನಿಗೆ ಗೊತ್ತಾಗಲ್ವಾ?" ಕಿನುಯೊ ದಾರಿಹೋಕನತ್ತ ಬೆರಳು ತೋರಿಸುತ್ತಾರೆ. "ಪಾಪ, ನೆನೀತಾ ಇದಾನೆ."

"ತಮಾಷೆ ಸಾಕು. ಕೊಡಿ, ಕಟ್ಟು ಕಟ್ತೀನಿ."

ಕಿನುಯೊ ಹಾಳೆ ತೆಗೆದುಕೊಂಡು ಪರ್ರನೆ ಎರಡು ತುಂಡು ಮಾಡುತ್ತಾರೆ. ಆಮೇಲೆ ಇನ್ನೊಂದು, ಮತ್ತೊಂದು. ನಿನ್ನೆಯ ಇಡೀ ಸಂಜೆ ನೆಲದ ಮೇಲೆ ಬೀಳುತ್ತದೆ.

"ಏನ್ ಮಾಡ್ತಿದೀರಿ! ಅಚ್ಚು ನಮ್ದು. ಬೇರೆಯವರ ಹತ್ರ ಕೊಟ್ಟು ಹೊಡಿಸ್ತೀನಿ ನೋಡಿ!"

"ತಗೊಂಡ್ಹೋಗಿ ಚಿಕ್ಕ ಯಜಮಾನ್ರೇ. ಹನ್ನೊಂದು ಅಚ್ಚೂ ಅಲ್ಲೇ ಇವೆ, ಜೋಪಾನ, ಭಾರ. ತಪ್ಪು ನಂದೇ, ಒಲೆ ಹಚ್ಚಿದ್ದು ನಾನೇ. ಆದ್ರೆ ನನ್ನ ತಪ್ಪನ್ನ ಮಾರೋ ಹಕ್ಕು ನಿಮಗಿಲ್ಲ."

ತೊದೊರೊಕಿ ಒಂದು ಅಚ್ಚು ಎತ್ತುತ್ತಾರೆ, ಇಳಿಸುತ್ತಾರೆ. ಧಡಧಡ ಹೊರಗೆ ಹೋಗುತ್ತಾರೆ. ಕಿನುಯೊ ತಿರುಗಿಯೂ ನೋಡದೆ ಹೊಸ ಕಾಗದಕ್ಕೆ ನೀರು ಸವರತೊಡಗುತ್ತಾರೆ. ಬಾಗಿಲಾಚೆ ಗಲ್ಲಿಯಲ್ಲಿ, ಫೋನ್ ಕಿವಿಗೊತ್ತಿಕೊಂಡು, ಪ್ರದರ್ಶನದವರು ಎದುರಿಗೇ ನಿಂತಿರುವಂತೆ ಖಾಲಿ ಗೋಡೆಗೆ ಮತ್ತೆ ಮತ್ತೆ ತಲೆಬಾಗುತ್ತಿರುವ ತೊದೊರೊಕಿಯ ದನಿ ಕೇಳುತ್ತದೆ: "ಕ್ಷಮಿಸಿ, ಒಂದು ವಾರ ತಡ ಆಗುತ್ತೆ... ಇಲ್ಲ, ತಪ್ಪು ನಮ್ದೇ..."

ಒಳಬಂದವರು ಹರಿದ ಹಾಳೆಗಳನ್ನು ತಾವೇ ಆಯ್ದುಕೊಳ್ಳುತ್ತಾರೆ. ಮೆಲ್ಲಗೆ ಕೇಳುತ್ತಾರೆ: "ಈ ಸಲ ಅಂಚಲ್ಲಿ ನಿಮ್ಮ ಹೆಸರೂ ಹಾಕಿಸ್ಲಾ?"

"ಹೆಸರು ಕಟ್ಕೊಂಡು ಏನ್ ಮಾಡ್ಲಿ? ಭುಜಕ್ಕೊಂದು ಬಿಸಿನೀರಿನ ಚೀಲ ತಂದ್ಕೊಡಿ ಸಾಕು," ಎನ್ನುತ್ತಾರೆ ಕಿನುಯೊ. "ಒಲೆ ಮಾತ್ರ ಇನ್ನು ಹಚ್ಚಲ್ಲ."