ಒಂದು ಹನಿಗೂ ಮೊದಲೇ ನೀಲಿ

ನಾನು ನಿಂತಿದ್ದದ್ದು ಬಸವನಗುಡಿಯ ನಮ್ಮ ಕಾಲೇಜಿನ ಮೊದಲ ಮಹಡಿಯ ಕೆಮಿಸ್ಟ್ರಿ ಲ್ಯಾಬಿನಲ್ಲಿ, ಕಿಟಕಿ ಕಡೆಯ ಮೇಜಿನ ತುದಿಯಲ್ಲಿ, ಸಿಂಕಿಗೆ ಬೆನ್ನು ಮಾಡಿ. ಬಿ.ಎಸ್ಸಿ. ಎರಡನೆಯ ವರ್ಷ, ಒಂದು ಗುರುವಾರ, ಊಟದ ನಂತರದ ಬ್ಯಾಚು. ನನ್ನ ಎಡಕ್ಕೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಹನುಮಂತನಗರದಿಂದ ಬರುತ್ತಿದ್ದ ಗೆಳತಿ ನಿಂತಿದ್ದಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದರಲ್ಲಿ ಇಷ್ಟು ಖಚಿತವಾಗಿ ಹೇಳಬಹುದಾದದ್ದು ಹೆಚ್ಚೇನೂ ಇಲ್ಲ.

ಅಂದಿನ ಪ್ರಯೋಗ ನೀರಿನ ಗಡಸುತನ ಅಳೆಯುವುದು. ಲ್ಯಾಬಿನ ನಲ್ಲಿ ನೀರು ಕೊಟ್ಟರೆ ಎಲ್ಲರೂ ಒಬ್ಬರದನ್ನೊಬ್ಬರು ನೋಡಿ ಒಂದೇ ಉತ್ತರ ಬರೆಯುತ್ತಾರೆಂದು ನಮ್ಮ ಮೇಷ್ಟ್ರು ಒಂದು ಪದ್ಧತಿ ಮಾಡಿದ್ದರು. ಆ ವಾರ ಪ್ರತಿಯೊಬ್ಬರೂ ತಮ್ಮ ಮನೆಯ ನೀರನ್ನೇ ಬಾಟಲಿಯಲ್ಲಿ ತರಬೇಕು. ಯಾರ ಮನೆಗೆ ಕಾವೇರಿ, ಯಾರಿಗೆ ಬೋರ್‌ವೆಲ್, ಯಾರಿಗೆ ಟ್ಯಾಂಕರ್ ಎಂಬುದೆಲ್ಲ ಅಂದು ಬಯಲಾಗುತ್ತಿತ್ತು.

ಎದುರಿಗೆ ನಿಂತಿದ್ದ ಓಕಳಿಪುರಂನ ಹುಡುಗನನ್ನು ಯಾರೋ ಕೇಳಿದರು. "ಮಗಾ, ನಿಮ್ಮನೆ ನೀರಲ್ಲಿ ಬೇಳೆ ಬೇಯತ್ತೇನೋ?"

"ಬೇಯಲ್ಲ ಗುರು. ಅದಕ್ಕೇ ನಾನು ದಿನಾ ನಿನ್ ಡಬ್ಬಿ ಖಾಲಿ ಮಾಡೋದು."

ಪ್ರಯೋಗ ಸುಲಭದ್ದು. ಅಳತೆಯ ನೀರಿಗೆ ಅಮೋನಿಯಾ ವಾಸನೆಯ ಒಂದು ದ್ರಾವಣ, ಮೇಲೆ ಎರಡು ಹನಿ ಇಂಡಿಕೇಟರ್. ಗಡಸು ನೀರಾದರೆ ಕೆಂಪಾಗುತ್ತದೆ. ಪುಸ್ತಕದಲ್ಲಿ 'ವೈನ್ ರೆಡ್' ಎಂದಿತ್ತು. ವೈನ್ ಕಂಡವರು ನಮ್ಮಲ್ಲಿ ಕಡಿಮೆ, ನಾವು ಬೀಟ್‌ರೂಟ್ ಸಾರು ಅನ್ನುತ್ತಿದ್ದೆವು. ಆಮೇಲೆ ಬ್ಯೂರೆಟ್ಟಿನ ಉದ್ದ ಗಾಜಿನ ಕೊಳವೆಯಿಂದ ಇಡಿಟಿಎ ದ್ರಾವಣವನ್ನು ಹನಿಹನಿಯಾಗಿ ಬಿಡಬೇಕು. ಕೆಂಪು ಹೋಗಿ ನೀಲಿ ಬಂದ ಕೂಡಲೇ ನಿಲ್ಲಿಸಬೇಕು. ನೀರು ಎಷ್ಟು ಗಡಸೋ ಅಷ್ಟು ಹೆಚ್ಚು ದ್ರಾವಣ ಇಳಿಯುತ್ತದೆ.

ಗೆಳತಿ ಲೇಬಲ್ ಕಿತ್ತ ಕೂಲ್‌ಡ್ರಿಂಕ್ ಬಾಟಲಿಯೊಂದನ್ನು ತಂದಿದ್ದಳು. ಅದನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು ನನಗೆ ತೋರಿಸಿದಳು. "ನೋಡೋ, ನಮ್ಮನೆ ಬೋರ್ ನೀರು. ಬಕೆಟ್ ತುಂಬಾ ಬಿಳೀ ಪಟ್ಟೆ ಬಿದ್ದಿದೆ. ಇವತ್ತು ಬ್ಯೂರೆಟ್ಟೇ ಖಾಲಿ ಆಗತ್ತೆ."

ನಾನು ನೋಡಿದೆ. ನೀರು ತೆಳು ಹಳದಿಯಾಗಿತ್ತು.

ಅವಳು ಬಾಟಲಿ ಬಗ್ಗಿಸಿ ಬೀಕರಿಗೆ ಸುರಿದಳು. ಬಗ್ಗಿದ ಬಾಟಲಿಯನ್ನು ಕಂಡೆ. ಬೀಕರಿಗೆ ಅವಳ ಮೊಣಕೈ ಅಡ್ಡವಿತ್ತು. ಬಾಟಲಿ ವಾಪಸು ತರಬೇಕೆಂದು ಅಮ್ಮ ಹೇಳಿದ್ದಾರೆ ಎನ್ನುತ್ತಾ ಉಳಿದ ನೀರನ್ನು ನನ್ನ ಬೆನ್ನ ಹಿಂದಿನ ಸಿಂಕಿಗೆ ಚೆಲ್ಲಿದಳು. ನಾನು ತಿರುಗಿ ನೋಡಲಿಲ್ಲ, ಸದ್ದು ಮಾತ್ರ ಕೇಳಿಸಿತು. ಬೀಕರಿನಿಂದ ಅಳೆದು ಫ್ಲಾಸ್ಕಿಗೆ ಹಾಕಿ, ದ್ರಾವಣ ಬೆರೆಸಿ, ಇಂಡಿಕೇಟರ್ ಬಿಟ್ಟಳು.

ನೀಲಿ.

ಬ್ಯೂರೆಟ್ಟಿನ ತಿರುಪನ್ನು ಅವಳಿನ್ನೂ ಮುಟ್ಟಿರಲಿಲ್ಲ. ಅದೇ ಶೀಶೆಯ ಇಂಡಿಕೇಟರ್ ಬಿದ್ದ ನನ್ನ ಫ್ಲಾಸ್ಕಿನಲ್ಲಿ ಬೀಟ್‌ರೂಟ್ ಸಾರಿತ್ತು.

"ಇದೇನೋ ಇದು?" ಎಂದಳು. ಅಷ್ಟರಲ್ಲಿ ಮೇಷ್ಟ್ರು ನಮ್ಮ ಮೇಜಿಗೆ ಬಂದಿದ್ದರು. ಫ್ಲಾಸ್ಕ್ ನೋಡಿದರು, ಬ್ಯೂರೆಟ್ ನೋಡಿದರು. ಬೀಕರಿನಲ್ಲಿ ಉಳಿದಿದ್ದ ನೀರಿನಲ್ಲಿ ಸ್ವಲ್ಪವನ್ನು ತಾವೇ ಬೇರೆ ಫ್ಲಾಸ್ಕಿಗೆ ಹಾಕಿ ಪರೀಕ್ಷಿಸಿದರು. ಅದೂ ನೀಲಿ.

"ಡಿಸ್ಟಿಲ್ಡ್ ವಾಟರ್ ಹಾಕಿದೀಯಲ್ಲಮ್ಮ," ಎಂದರು. ಗಡಸುತನವೇ ಇಲ್ಲದ ಆ ನೀರು ಇಂಡಿಕೇಟರ್ ಬಿದ್ದ ಕೂಡಲೇ ನೀಲಿಯಾಗುತ್ತದೆ, ಪ್ರತಿ ಮೇಜಿನ ಮೇಲೂ ಅದರ ಬಾಟಲಿ ಇರುತ್ತಿತ್ತು. ಮನೆಯ ನೀರು ತರಲು ಮರೆತವರು ಅದನ್ನೇ ಸುರಿದುಕೊಂಡು ಸಿಕ್ಕಿಬಿದ್ದದ್ದು ಹಿಂದೆಯೂ ಆಗಿತ್ತು.

"ಇಲ್ಲ ಸರ್. ನಮ್ಮನೆ ನಲ್ಲಿ ನೀರೇ. ನಾನೇ ಹಿಡಿದಿದ್ದು."

"ಬಾಟ್ಲಿ ಖಾಲಿ ಇದೆಯಲ್ಲ?" ಅವರು ನನ್ನ ಕಡೆ ತಿರುಗಿದರು. "ನೀನು ಪಕ್ಕದಲ್ಲೇ ಇದ್ದೆ. ಏನ್ ನೋಡ್ದೆ ಹೇಳು."

ಕಂಡದ್ದನ್ನು ಕಂಡ ಹಾಗೆ ಹೇಳಿದರೆ ಅವಳಿಗೆ ಒಳ್ಳೆಯದಾಗುತ್ತದೆ ಎಂದುಕೊಂಡೆ. "ಬಾಟ್ಲಿಯಿಂದಲೇ ಹಾಕಿದ್ದು ಸರ್. ನೀರು ಸ್ವಲ್ಪ ಹಳದಿ ಇತ್ತು."

ಮೇಷ್ಟ್ರು ಬೀಕರನ್ನು ನನ್ನ ಮುಖದ ಮುಂದೆ ಹಿಡಿದರು. ಹಳದಿಯ ಸುಳಿವೂ ಇರಲಿಲ್ಲ. "ಹಳದಿ ನೀರಿದ್ರೆ ಅದು ಸಿಂಕಲ್ಲಿ ಹೋಯ್ತು. ಇದು ಬೇರೆ ನೀರು. ನೀನೇ ಸಾಕ್ಷಿ ಹೇಳ್ದಂಗಾಯ್ತಲ್ಲಪ್ಪ." ಆಮೇಲೆ ಅವಳಿಗೆ ಹೇಳಿದರು. "ನಾಳೆ ಮನೆಯಿಂದ ಯಾರನ್ನಾದ್ರೂ ಕರ್ಕೊಂಡ್ ಬಾ. ಇಲ್ದಿದ್ರೆ ಇಂಟರ್ನಲ್ಸ್ ಸೊನ್ನೆ. ಮುಂದಿನ ವರ್ಷ ಜೂನಿಯರ್ಸ್ ಜೊತೆ ಮಾಡ್ಕೋ."

ಅವಳು ಅಳಲಿಲ್ಲ. ಆ ಸಂಜೆ ನನ್ನ ಜೊತೆ ಮಾತನ್ನೂ ಆಡಲಿಲ್ಲ.

ಮರುದಿನ ಅವಳ ತಾಯಿ ಬಟ್ಟೆಯ ಚೀಲ ಹಿಡಿದು ಲ್ಯಾಬಿಗೆ ಬಂದರು. ಮೇಷ್ಟ್ರು ನಮ್ಮ ಬ್ಯಾಚನ್ನೂ ಕರೆಸಿದ್ದರು, ನಾನು ಅದೇ ಜಾಗದಲ್ಲಿದ್ದೆ.

"ತಪ್ಪು ನಂದು ಸಾರ್," ಎಂದರು. "ಇವಳು ಮೊನ್ನೆ ಸಂಜೆ ನಲ್ಲಿ ನೀರು ಹಿಡಿದಿಟ್ಟಿದ್ಲು. ಬೆಳಿಗ್ಗೆ ನೋಡಿದ್ರೆ ತಳದಲ್ಲಿ ಗಸಿ. ಕಾಲೇಜಿಗೆ ಕೊಡೋ ನೀರು, ಹಂಗೇ ಕಳ್ಸಕ್ಕಾಗತ್ತಾ? ಚೆಲ್ಲಿ, ಬಾಟ್ಲಿ ತೊಳೆದು, ಆರ್‌ಓ ಫಿಲ್ಟರ್ ನೀರು ತುಂಬಿದೆ. ಇವಳಿಗೆ ಹೇಳ್ಲಿಲ್ಲ."

"ಅಯ್ಯೋ, ನಮಗೆ ಆ ನೀರೇ ಬೇಕಿತ್ತಮ್ಮ."

"ಅಂಥಾ ನೀರು ಕಳಿಸಿದ್ರೆ ಎಂಥಾ ಮನೆ ಅನ್ನಲ್ವಾ ನೀವು?"

"ಕುಡಿಯಕ್ಕೆ ಕೇಳಿದ್ದಲ್ಲ."

"ಕುಡಿಯಕ್ಕಲ್ದೆ ಮತ್ಯಾಕೆ ಸಾರ್ ನೀರು ಕೇಳ್ತೀರ?"

ಮೇಷ್ಟ್ರು ನಕ್ಕರು. ನಾವೂ ನಕ್ಕೆವು. ಫಿಲ್ಟರಿನಲ್ಲಿ ಗಡಸುತನ ಹೋಗಿರುತ್ತದೆ, ಆದ್ದರಿಂದ ನೀಲಿ. ಲೆಕ್ಕ ಸರಿಹೋಯಿತು. ಆಗ ಮೇಷ್ಟ್ರಿಗೆ ನೆನಪಾಯಿತು. "ನೀನು ಹಳದಿ ಅಂದ್ಯಲ್ಲೋ?"

ತಾಯಿ ನನ್ನ ಮುಖ ನೋಡಿದರು. ಮಗಳು ನೆಲ ನೋಡುತ್ತಿದ್ದಳು. ಫಿಲ್ಟರ್ ನೀರು ಹಳದಿಯಿರುವುದಿಲ್ಲ. ನನ್ನ ಕಣ್ಣು ಸರಿಯಿದ್ದರೆ ಈ ತಾಯಿ ಮಗಳನ್ನು ಉಳಿಸಲು ಕಥೆ ಕಟ್ಟಿದ್ದಾರೆ. ತಾಯಿಯ ಮಾತು ಸರಿಯಿದ್ದರೆ ನಾನು ಇಲ್ಲದ್ದನ್ನು ಕಂಡಿದ್ದೇನೆ.

"ನಂಗೆ ಹಂಗೆ ಕಾಣಿಸ್ತು ಸರ್," ಎಂದೆ. "ಯಾಕೋ ಗೊತ್ತಿಲ್ಲ."

ತಾಯಿ ಚೀಲದಿಂದ ಇನ್ನೊಂದು ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. ಈ ಸಲ ನಲ್ಲಿಯದೇ, ಗಸಿಯ ಸಮೇತ. ಗೆಳತಿ ಎಲ್ಲರೆದುರು ಪ್ರಯೋಗ ಮಾಡಿದಳು. ಫ್ಲಾಸ್ಕ್ ಕಡುಕೆಂಪಾಯಿತು, ಬ್ಯೂರೆಟ್ ಬಹುಪಾಲು ಇಳಿಯಿತು. ಮೇಷ್ಟ್ರು ಅಂಕ ಕೊಟ್ಟರು.

ಮೆಟ್ಟಿಲಿಳಿಯುವಾಗ ಅವಳನ್ನು ಕೇಳಿದೆ. "ನಿಮ್ಮಮ್ಮ ಹೇಳಿದ್ದು ನಿಜಾನಾ?"

"ಅಮ್ಮ ಹೇಳಿದ್ಮೇಲೆ ನಿಜ ಇರ್ಬೇಕಲ್ವಾ."

"ನೀನು ಬಾಟ್ಲಿ ತೋರಿಸ್ದಾಗ ಹಳದಿ ಇತ್ತಲ್ಲ?"

ಅವಳು ನಿಂತಳು. "ಇತ್ತು ಅಂತಲೇ ನಂಗೂ ಅನ್ಸಿತ್ತು ಕಣೋ. ಅದೇ ಅರ್ಥ ಆಗ್ತಿಲ್ಲ."

ಆ ಕಿಟಕಿಯ ಹೊರಗೆ ಹಳದಿ ಹೂವಿನ ಮರವೊಂದಿತ್ತು. ತುಂಬಿದ ಬಾಟಲಿಯನ್ನು ಎತ್ತಿ ಹಿಡಿದರೆ ಹಿಂದಿನ ಬಣ್ಣ ಅದರೊಳಗೆ ಇಳಿದ ಹಾಗೆ ಕಾಣುತ್ತದೆ, ಮನೆಯಲ್ಲಿ ಎಷ್ಟೋ ಸಲ ಮಾಡಿ ನೋಡಿದ್ದೇನೆ. ಆದರೆ ಆ ಗುರುವಾರ ಮರ ಹೂ ಬಿಟ್ಟಿತ್ತೇ ಎಂಬುದು ನೆನಪಿಲ್ಲ. ಕೇಳೋಣವೆಂದರೆ ಮರವೂ ಇಲ್ಲ, ಹೊಸ ಕಟ್ಟಡಕ್ಕಾಗಿ ಕಡಿದಿದ್ದಾರೆ. ಅಥವಾ ಬೋರ್ ನೀರು ಎಂದು ಅವಳು ಹೇಳಿದ್ದಕ್ಕೇ ನಾವಿಬ್ಬರೂ ಹಳದಿ ಕಂಡೆವೋ ಏನೋ.

ಈಚೆಗೆ ಅವಳ ತಾಯಿ ಗಾಂಧಿ ಬಜಾರಿನಲ್ಲಿ ಸಿಕ್ಕಿದ್ದರು. ಧೈರ್ಯ ಮಾಡಿ ಅವತ್ತಿನ ನೀರಿನ ವಿಷಯ ಕೇಳಿದೆ. ನನ್ನನ್ನೇ ನೋಡುತ್ತಾ, "ಅವತ್ತು ನೀನು 'ಗೊತ್ತಿಲ್ಲ' ಅಂದ್ಯಲ್ಲ, ಒಳ್ಳೇದಾಯ್ತಪ್ಪ," ಎಂದರು. ಒಳ್ಳೆಯದಾದದ್ದು ಲ್ಯಾಬಿನಲ್ಲಿ ಅವರು ಹೇಳಿದ್ದು ನಿಜವಾದ್ದರಿಂದಲೋ ಸುಳ್ಳಾದ್ದರಿಂದಲೋ, ನನಗೆ ತಿಳಿಯಲಿಲ್ಲ.

ಮೇಷ್ಟ್ರು ಈಗಿಲ್ಲ. ಆ ಬಾಟಲಿಯನ್ನು ಬೆಳಕಿಗೆ ಹಿಡಿದದ್ದನ್ನು ಕಂಡವರಲ್ಲಿ ಎದುರು ಮೇಜಿನ ಓಕಳಿಪುರಂನ ಹುಡುಗ ಇದ್ದಾನೆ, ಅವನಿಗೆ ಬೇಳೆಯ ಮಾತಷ್ಟೇ ನೆನಪಿದೆ. ಹಿಡಿದ ಗೆಳತಿ ಇದ್ದಾಳೆ. ನಾನಿದ್ದೇನೆ.